ಖಾಲಿ ಡಬ್ಬಿಯ ಜಾದೂ

ಜಾದೂಗಾರರಲ್ಲಿ ಎರಡು ಜಾತಿ: ಕೈಯನ್ನು ನಂಬಿದವರು, ಸಾಮಾನನ್ನು ನಂಬಿದವರು. ನಾನು ಎರಡನೆಯ ಜಾತಿಯವನೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಪಾಠ ಮಾಡುವಾಗ ಸೀಮೆಸುಣ್ಣವನ್ನೇ ಬೀಳಿಸುವ ಕೈ ನನ್ನದು. ಅದನ್ನು ನಂಬಿ ನಾಲ್ಕು ಜನರೆದುರು ನಿಲ್ಲಲಾದೀತೆ? ಅದಕ್ಕೇ ಮುಂಬಯಿಯಿಂದ ಟಪಾಲಿನಲ್ಲಿ ಒಂದು ಜಾದೂ ಡಬ್ಬಿ ತರಿಸಿದೆ. ಅದರೊಳಗೊಂದು ಕಳ್ಳ ಹಲಗೆ. ಅದರ ಹಿಂದೆ ಕುಪ್ಪಸದ ಖಣವೊಂದನ್ನು ಮಡಚಿಟ್ಟು, ಡಬ್ಬಿಯನ್ನು ಬೋರಲು ಹಿಡಿದು ಖಾಲಿಯೆಂದು ತೋರಿಸಬೇಕು. ಆಮೇಲೆ ಮುಚ್ಚಿ, ಮಂತ್ರ ಹೇಳಿ, ಡಬ್ಬಿಯ ಬದಿಯ ಮೊಳೆ ಒತ್ತಿದರೆ ಖಣ ಹೊರಗೆ ಬರುತ್ತದೆ. ಇದರಲ್ಲಿ ನನ್ನ ಪಾಲಿನ ಕೆಲಸವೆಂದರೆ ಮಂತ್ರವೊಂದೇ.

ಬಾಗಲಕೋಟೆಯ ನಮ್ಮ ಓಣಿಯ ಬಳೆಗಾರ ಹುಸೇನಸಾಬ ಮೊದಲನೆಯ ಜಾತಿಯವನು. ಬರಿಗೈಯಲ್ಲಿ ಲಿಂಬೆಹಣ್ಣು ಮಾಯಮಾಡಿ ಎದುರಿದ್ದವರ ರುಮಾಲಿನಿಂದ ತೆಗೆಯುತ್ತಿದ್ದ. ನನ್ನ ಡಬ್ಬಿ ನೋಡಿ, "ಆಟ ಡಬ್ಬಿ ಆಡತೈತ್ರಿ ಮಾಸ್ತರ. ನೀವು ಬರೇ ಹಿಡಕೊಂಡ ನಿಂದರವ್ರು" ಎಂದ. "ಲಿಂಬಿಹಣ್ಣು ಜಾರಿ ಬಿದ್ರ ನಿನ್ನ ಮರ್ಯಾದಿ ಹೋತು. ನನ್ನ ಡಬ್ಬಿಗೆ ಆ ಭಯ ಇಲ್ಲ" ಎಂದು ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಗುಳೇದಗುಡ್ಡದ ಮಾವನವರ ಮನೆಯಲ್ಲಿ ನಾದಿನಿಯ ಕೂಸಿಗೆ ತೊಟ್ಟಿಲು ಕಟ್ಟುವ ಕಾರ್ಯ ಬಂತು. ಮಾವ ನೇಕಾರರು. ಕೈಕಸುಬಿಲ್ಲದವನನ್ನು ಅವರು ಲೆಕ್ಕಕ್ಕೇ ಹಿಡಿಯರು. "ಮಾಸ್ತರಕಿ ಅಂದ್ರ ಬಾಯಿ ಕೆಲಸ" ಎಂದು ನನ್ನ ಮದುವೆಯ ಹಂದರದಲ್ಲೇ ಅಂದವರು. ಆ ಮಾತು ನನಗೆ ಇನ್ನೂ ಚುಚ್ಚುತ್ತಿತ್ತು. ಅವರಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಹಟದಿಂದ ಡಬ್ಬಿಯನ್ನು ಸಜ್ಜುಮಾಡಿ, ಗಂಟು ಕಟ್ಟಲು ಹೆಂಡತಿ ಗಂಗವ್ವನ ಕೈಗೆ ಕೊಟ್ಟೆ.

ಉಂಡವರೆಲ್ಲ ಮಗ್ಗದ ಪಡಸಾಲೆಯಲ್ಲಿ ಕೂತಿದ್ದರು. ಜಾದೂಗಾರ ಸಾಮಾನು ನೋಡಬಾರದು, ಜನರ ಕಣ್ಣು ನೋಡಬೇಕು ಎಂದು ಎಲ್ಲೋ ಕೇಳಿದ್ದೆ. ಹಾಗೆಯೇ ಮಾವನವರ ಕಣ್ಣಲ್ಲಿ ಕಣ್ಣಿಟ್ಟು, "ನೋಡ್ರಿ, ಡಬ್ಬಿ ಪೂರಾ ಖಾಲಿ!" ಎಂದು ಮುಚ್ಚಳ ತೆಗೆದು ಬೋರಲು ಹಿಡಿದೆ. ಹಿಡಿ ಸಕ್ಕರೆ ಸುರ್ರೆಂದು ಅವರ ಹೊಸ ಧೋತರದ ಮೇಲೆ ಸುರಿಯಿತು.

ಅದು ನಾನಿಟ್ಟದ್ದಲ್ಲ. ಮಾವ ಒಂದು ಹರಳು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. "ಖರೇನ ಸಕ್ಕರಿ! ಖಾಲಿ ಡಬ್ಬ್ಯಾಗಿಂದ, ಅದೂ ತೊಟ್ಟಿಲ ದಿನ! ಶಾಬಾಸ್ ಅಳಿಯಂದ್ರ, ಕೈ ಅಂದ್ರ ಇದು!" ಎಂದರು. ಪಡಸಾಲೆ ತುಂಬ ಚಪ್ಪಾಳೆ. ಅಸಲಿ ಜಾದೂ ಇನ್ನೂ ಹಲಗೆಯ ಹಿಂದೆ ಮಡಚಿಕೊಂಡು ಕೂತಿತ್ತು. ನಾನು ಮಾತ್ರ ಎಲ್ಲ ಬಲ್ಲವನಂತೆ ಕೈಮುಗಿದೆ. ಆದರೆ ಅತ್ತೆಯವರು ಒಳಗಿಂದ ಹಿಟ್ಟು ನಾದುವ ಪರಾತವನ್ನೇ ಹಿಡಿದುಕೊಂಡು ಬಂದರು. "ಇನ್ನೊಮ್ಮೆ ಸುರುವ್ರೆಪಾ. ನಾಳಿನ ಅಡಗಿಗೂ ಆಗತೈತಿ."

ನಾನು ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಮುಚ್ಚಿಕೊಂಡೆ. ಆಗ ಗಂಗವ್ವ ಬಾಗಿಲಲ್ಲೇ ನಿಂತು, "ದಿನಕ್ಕ ಒಂದ ಸರ್ತಿ ಯವ್ವಾ. ಹೆಚ್ಚು ಮಾಡಿದ್ರ ಅವರಿಗೆ ತಲಿ ತಿರಗತೈತಿ" ಎಂದಳು. ಅದು ಸುಳ್ಳಾಗಿರಲಿಲ್ಲ, ನನ್ನ ತಲೆ ಆಗಲೇ ತಿರುಗುತ್ತಿತ್ತು.

ಮರಳಿ ಬರುವಾಗ ಬಂಡಿಯಲ್ಲಿ ಕೇಳಿದೆ: "ಸಕ್ಕರಿ ಯಾಕ ಹಾಕಿದಿ?"

"ಶುಭಕಾರ್ಯಕ್ಕ, ಅದೂ ತವರಮನಿಗೆ, ಖಾಲಿ ಡಬ್ಬಿ ಒಯ್ತಾರೇನ್ರಿ?" ಎಂದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಜಾದೂಗಾರನಿಗೇ ಗೊತ್ತಾಗದಂತೆ ಅವನ ಡಬ್ಬಿ ತುಂಬಿಸಿದ ಕೈಯದು. ಹಾಗೆಂದು ಬಾಯಿಬಿಟ್ಟು ಹೇಳಬೇಕೆನಿಸಿತು. ಆದರೆ ಮಾವನ ಶಾಬಾಸ್‌ಗಿರಿ ಇನ್ನೂ ಬಿಸಿಯಾಗಿತ್ತು, ಅದನ್ನು ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಮೆಲ್ಲಗೆ "ಭಲೇ" ಎಂದೆ.

"ಯಾರಿಗ್ರಿ?" ಎಂದಳು ಗಂಗವ್ವ.

"ಎತ್ತಿಗೆ" ಎಂದೆ.