ಮುನ್ನೂರ ನಲವತ್ತು ಹೆಜ್ಜೆ

ಕೊಳಾಯಿ, ಟೈಲ್ಸು, ಬಾಗಿಲು, ಗುತ್ತಿಗೆದಾರನ ಮುಗುಳ್ನಗೆ, ಎಲ್ಲ ಸೇರಿ ಎರಡು ಲಕ್ಷ ಎಂಬತ್ತು ಸಾವಿರ. ಮೆಕ್ಯಾನಿಕಲ್ ವಿಭಾಗದ ಕಟ್ಟಡದಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಲು ಅಷ್ಟಾಗುತ್ತಿತ್ತು. ಅಷ್ಟು ದುಡ್ಡು ಯಾರಿಗಾಗಿ? ಅರವತ್ತು ಜನರ ತರಗತಿಯಲ್ಲಿದ್ದ ಒಬ್ಬಳೇ ಒಬ್ಬಳು ಹುಡುಗಿಗಾಗಿ. ಅದು ಆಗುವವರೆಗೆ ಅವಳು ಪ್ರತಿಸಲವೂ ಮುನ್ನೂರ ನಲವತ್ತು ಹೆಜ್ಜೆ ನಡೆದು ರಸಾಯನಶಾಸ್ತ್ರದ ಕಟ್ಟಡಕ್ಕೆ ಹೋಗಬೇಕಿತ್ತು.

"ಮೇಷ್ಟ್ರೇ, ಸೋಮವಾರದೊಳಗೆ ಏನೂ ಆಗ್ಲಿಲ್ಲ ಅಂದ್ರೆ ನಾನು ರಸಾಯನಶಾಸ್ತ್ರಕ್ಕೇ ಸೇರ್ಕೋತೀನಿ. ಹೇಗೂ ಅರ್ಧ ದಿನ ಅಲ್ಲಿಗೇ ನಡೀತಿರ್ತೀನಿ," ಎಂದು ಅವಳು ಅರ್ಜಿ ತೋರಿಸಿದಾಗ ವರ್ಕ್‌ಶಾಪ್ ಮೇಷ್ಟ್ರು ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿಬಿಟ್ಟರು. ಲೇತ್ ಯಂತ್ರದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕಬ್ಬಿಣ ಕಡೆಯುವವಳು ಅವಳೊಬ್ಬಳೇ. ಉಳಿದ ಐವತ್ತೊಂಬತ್ತು ಮಂದಿ ಯಂತ್ರ ಮುಟ್ಟಿದರೆ ಕೋತಿ ಕೈಗೆ ಗಡಿಯಾರ ಕೊಟ್ಟಂತೆ.

ಅವತ್ತೇ ಶೌಚಾಲಯಕ್ಕೆ ಅನುದಾನ ಕೊಡುವ ಸಮಿತಿಯವರು ಬರುವುದಿತ್ತು. 'ವಿದ್ಯಾರ್ಥಿನಿಯರ ಸಂಖ್ಯೆ ನೋಡಿ ಅನುದಾನ ತೀರ್ಮಾನಿಸಲಾಗುವುದು' ಎಂದು ಪತ್ರದ ಮೊದಲ ಹಾಳೆ ಹೇಳುತ್ತಿತ್ತು. ಎರಡನೆಯ ಹಾಳೆ ಏನು ಹೇಳುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಮೊಹರಿಲ್ಲದ ಕಾಗದವೆಲ್ಲ ಗ್ರೀಸ್ ಒರೆಸುವುದಕ್ಕೆ ಎಂಬುದು ವರ್ಕ್‌ಶಾಪಿನ ಪದ್ಧತಿ. ಮೇಷ್ಟ್ರು ಬೆಳಿಗ್ಗೆಯೇ ಮೊಹರಿಲ್ಲದ ಆ ಎರಡನೆಯ ಹಾಳೆಯಲ್ಲಿ ಎರಡೂ ಕೈ ಒರೆಸಿ ಎಸೆದಿದ್ದರು.

"ಹನ್ನೊಂದು ಗಂಟೆಯೊಳಗೆ ಹುಡುಗಿಯರು ಬೇಕು ಕಣ್ರೀ!" ಎಂದರು ವಿಭಾಗದ ಮುಖ್ಯಸ್ಥರು.

"ಹುಡುಗಿಯರೇನು ನಟ್ಟು ಬೋಲ್ಟಾ ಸಾರ್, ಉಗ್ರಾಣದಿಂದ ತರೋಕೆ?"

"ಅನುದಾನ ಬಂದ್ರೆ ಶೌಚಾಲಯ. ಬರ್ಲಿಲ್ಲ ಅಂದ್ರೆ ನಿಮ್ಮ ಶಿಷ್ಯೆಗೆ ಬೀಳ್ಕೊಡುಗೆ. ನೋಡಿ, ನನ್ನ ಮಗಳನ್ನೂ ಕರೆಸ್ತೀನಿ."

"ನಿಮ್ಮ ಮಗಳು ಈ ವಿಭಾಗಕ್ಕೇ ಸೇರ್ತೀನಿ ಅಂತ ಹಟ ಮಾಡಿದ್ಲಂತೆ ಸಾರ್," ಎಂದಳು ಹುಡುಗಿ. "ಗ್ರೀಸು ಹೆಣ್ಣುಮಕ್ಕಳಿಗಲ್ಲ ಅಂತ ನೀವೇ ಇತಿಹಾಸಕ್ಕೆ ಸೇರಿಸಿದ್ರಂತೆ?"

"ಅದು ಬೇರೆ ವಿಷಯ," ಎಂದು ಮುಖ್ಯಸ್ಥರು ಕನ್ನಡಕ ಒರೆಸತೊಡಗಿದರು.

ಮೇಷ್ಟ್ರು ಸೊಂಟದ ಬೀಗದ ಕೈ ಗೊಂಚಲು ಝಣಗುಟ್ಟಿಸುತ್ತಾ ಓಡಿದರು. ಮನೆಯಿಂದ ಹೆಂಡತಿ ಮತ್ತು ನಾದಿನಿ, ಕ್ಯಾಂಟೀನಿನಿಂದ ಟೀ ಮಾಡುವ ಅಕ್ಕ, ಗ್ರಂಥಾಲಯದಿಂದ ಪುಸ್ತಕ ಕೊಡುವ ಅಮ್ಮ, ಎಲ್ಲರಿಗೂ ವರ್ಕ್‌ಶಾಪಿನ ನೀಲಿ ಕೋಟು ತೊಡಿಸಿದರು. ನಾದಿನಿಯಂತೂ ಗೋಣಿಚೀಲಕ್ಕೆ ಬಿದ್ದ ಕೋಳಿಮರಿಯ ಹಾಗಿದ್ದಳು. ಮುಖ್ಯಸ್ಥರ ಮಗಳು, ಅಸಲಿ ಹುಡುಗಿ ಸೇರಿ ಒಟ್ಟು ಆರು.

"ರೀ, ಇಲ್ಲಿ ಶೌಚಾಲಯ ಎಲ್ಲಿ?" ಹೆಂಡತಿ ಪಿಸುಗುಟ್ಟಿದರು.

"ರಸಾಯನಶಾಸ್ತ್ರದಲ್ಲಿ."

ಹೋಗಿ ಬಂದ ಹೆಂಡತಿಯ ಮುಖ ಬೆಸುಗೆಯ ಕಿಡಿಯಂತಿತ್ತು. ಆ ಹೊತ್ತಿಗೆ ಸಮಿತಿಯ ಅಧ್ಯಕ್ಷೆ ಒಳಗೆ ಬಂದಾಗಿತ್ತು.

ಡ್ರಿಲ್ಲಿಂಗ್ ಯಂತ್ರ ಗುರ್ರೆಂದ ಕೂಡಲೇ ಗ್ರಂಥಾಲಯದ ಅಮ್ಮ ತುಟಿಗೆ ಬೆರಳಿಟ್ಟು ಅದಕ್ಕೇ "ಶ್!" ಎಂದರು. ಅಧ್ಯಕ್ಷೆ ಕ್ಯಾಂಟೀನ್ ಅಕ್ಕನ ಕಡೆ ತಿರುಗಿದರು.

"ಇಲ್ಲಿ ಎಷ್ಟನೇ ವರ್ಷ?"

"ಹದಿನಾಲ್ಕು!"

"ನಮ್ಮಲ್ಲಿ ಪಾಸಾಗೋದು ಬಲು ಕಷ್ಟ ಮೇಡಂ," ಎಂದರು ಮೇಷ್ಟ್ರು, ಬೆವರು ಒರೆಸುತ್ತಾ.

"ನೀವೇನು ಕಲಿತ್ರಿ?" ಎಂದು ಅಧ್ಯಕ್ಷೆ ಮೇಷ್ಟ್ರ ಹೆಂಡತಿಯನ್ನು ಕೇಳಿದರು.

"ಈ ಮೇಷ್ಟ್ರ ಜೊತೆ ಏಗೋದು ಹೇಗೆ ಅಂತ. ಇಪ್ಪತ್ತು ವರ್ಷದಿಂದ ಅದೇ ಪಾಠ."

ಅಧ್ಯಕ್ಷೆ ಹಿಗ್ಗಿಹೋದರು. "ವಯಸ್ಸು ನೋಡ್ದೆ ಸೇರಿಸ್ಕೊಂಡಿದ್ದೀರಲ್ಲ, ಭೇಷ್! ಆರು ಹೆಣ್ಣುಮಕ್ಕಳು! ನಿಮಗೆ ಅನುದಾನದ ಅಗತ್ಯವೇ ಇಲ್ಲ ಬಿಡಿ. ಅದು ಐದಕ್ಕಿಂತ ಕಮ್ಮಿ ಇರೋ ವಿಭಾಗಕ್ಕೆ. ಎರಡನೇ ಹಾಳೆಯಲ್ಲಿ ಬರೆದಿತ್ತಲ್ಲ? ಪಕ್ಕದ ಸಿವಿಲ್‌ನವರ ಹತ್ರ ಇಬ್ಬರೇ ಇದ್ದಾರೆ. ಪಾಪ, ಅವರಿಗೆ ಕೊಟ್ಬಿಡ್ತೀವಿ."

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ. ಮೇಷ್ಟ್ರು ಕೈಮುಗಿದರು. ಸಮಿತಿ ಒಂದು ಪ್ರಶಂಸಾಪತ್ರ ಕೊಟ್ಟು ಹೊರಟುಹೋಯಿತು.

"ಒಂದು ದಿನ ಕೈ ಕೊಳಕಾಗಿದ್ದಿದ್ರೆ ಏನ್ರೀ ಆಗ್ತಿತ್ತು?" ಎಂದು ಮುಖ್ಯಸ್ಥರು ಗುಡುಗಿದರು. ಹುಡುಗಿ ಅರ್ಜಿಯ ಮಡಿಕೆ ಬಿಚ್ಚಿದಳು.

ಮೇಷ್ಟ್ರ ಹೆಂಡತಿ ಮಾತ್ರ ಗಂಡನ ಸೊಂಟವನ್ನೇ ನೋಡುತ್ತಿದ್ದರು.

"ರೀ, ಆ ಹಿತ್ತಾಳೆ ಬೀಗದ ಕೈ ಯಾವುದರದು?"

"ಇದಾ... ಸಿಬ್ಬಂದಿ ಶೌಚಾಲಯದ್ದು."

"ಎಲ್ಲಿದೆ ಅದು?"

"ಇಲ್ಲೇ. ಲೇತಿನ ಹಿಂದೆ."

"ಎಷ್ಟು ಜನ ಹೋಗ್ತೀರಿ?"

"ಮುಖ್ಯಸ್ಥರಿಗೆ ಅವರ ಕೋಣೆಯಲ್ಲೇ ಬೇರೆ ಇದೆ. ಇದಕ್ಕೆ... ನಾನೊಬ್ಬನೇ. ಹನ್ನೆರಡು ವರ್ಷದಿಂದ."

ಐದು ಜೊತೆ ಕಣ್ಣು ಮೇಷ್ಟ್ರನ್ನು ಕೊರೆಯತೊಡಗಿದವು. ಆರನೆಯ ಜೊತೆ ಹೆಂಡತಿಯದು, ಅದು ಆಗಲೇ ತೂತು ಮಾಡಿಯಾಗಿತ್ತು. ಹೆಂಡತಿ ಬೀಗದ ಕೈಗಾಗಿ ಕೈ ಚಾಚಿದರು.

ಬಾಗಿಲಿಗೆ 'ಹೆಂಗಸರಿಗೆ' ಎಂದು ಹೊಸ ಫಲಕ ಬರೆಸಲು ಆದ ಖರ್ಚು ನಲವತ್ತು ರೂಪಾಯಿ. ಹುಡುಗಿ ಅರ್ಜಿಯನ್ನು ಗ್ರೀಸ್ ಒರೆಸುವ ಡಬ್ಬಕ್ಕೆ ಹಾಕಿ ಲೇತಿನ ಮುಂದೆ ನಿಂತಳು. ಮೇಷ್ಟ್ರಿಗೆ ಹುಡುಗರ ಶೌಚಾಲಯವೇನೋ ಇತ್ತು, ಆದರೆ ಅಲ್ಲಿ ಗೋಡೆ ತುಂಬ ಹುಡುಗರು ಬಿಡಿಸಿದ ಮೇಷ್ಟ್ರದೇ ಚಿತ್ರಗಳು, ಒಂದಕ್ಕೂ ಮಾನವಿಲ್ಲ.

ಹೀಗಾಗಿ ವಿಭಾಗಕ್ಕೆ ಸಿಕ್ಕಿದ್ದು ಹುಡುಗಿ, ಹೋದದ್ದು ಅನುದಾನ. ಮೇಷ್ಟ್ರಿಗೆ ಸಿಕ್ಕಿದ್ದು ರಸಾಯನಶಾಸ್ತ್ರದವರೆಗೆ ಮುನ್ನೂರ ನಲವತ್ತು ಹೆಜ್ಜೆ, ಅದೂ ಹೋಗುವುದಕ್ಕಷ್ಟೇ, ಬರುವುದು ಬೇರೆ.