ಹತ್ತು ಮೈಲಿಯ ನೀತಿಪಾಠ

1994ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಓದು ಬಿಟ್ಟೆ. ಆಮೇಲೆ ಲೇತ್ ಕೆಲಸ ಕಲಿತೆ, ಮದುವೆಯಾದೆ, ಹೆಂಡತಿಯ ನೌಕರಿಯ ದೆಸೆಯಿಂದ ಅಮೆರಿಕ ಸೇರಿದೆ. ಈಗ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುತ್ತೇನೆ. ಹೆಂಡತಿಯದೊಂದು ಬಿಟ್ಟರೆ ಯಾರ ಹಂಗೂ ಇಲ್ಲ. ಒಂದೇ ಆಸೆ ಉಳಿದಿತ್ತು: ಯಾರಾದರೂ ನನ್ನನ್ನು ‘ಮೇಷ್ಟ್ರೇ’ ಎನ್ನಬೇಕು.

ಕರ್ಕ್‌ಲ್ಯಾಂಡಿನ ಭಾನುವಾರದ ಕನ್ನಡ ಶಾಲೆಗೆ ಗಣಿತದ ಜೊತೆಗೇ ನೀತಿ ಕಲಿಸುವವರು ಬೇಕಾಗಿದ್ದರು. ಶಾಲೆ ನೋಡಿಕೊಳ್ಳುವ ಶ್ರೀಧರ್ ಕೇಳಿದರು, “ಟ್ರೈನಿಂಗ್ ಏನಾದ್ರೂ ಆಗಿದ್ಯಾ ಸರ್?”

“ನೀತಿಗೆಂಥ ಟ್ರೈನಿಂಗ್ ಸ್ವಾಮಿ? ನಾನು ಬದುಕಿರೋದೇ ಹಾಗೆ” ಎಂದೆ.

ಮೊದಲು ಒಂದು ತರಗತಿ. ತಂದೆತಾಯಿಯರು ಹಿಂದೆ ಕೂತು ನೋಡುವುದು, ಒಪ್ಪಿದರೆ ನಾನೇ ಮೇಷ್ಟ್ರು.

ಆ ಭಾನುವಾರ ತಲುಪುವಾಗ ತಡವಾಗಿತ್ತು. ಹಿಂದಿನ ಸಾಲಿನ ಮುಖಗಳು ಆಗಲೇ ಬಿಗಿದಿದ್ದವು. ಬೋರ್ಡಿನ ಮೇಲೆ ‘ವೇಗ = ದೂರ ÷ ಸಮಯ’ ಎಂದು ಬರೆದೆ.

“ಮಕ್ಕಳೇ, ಮನುಷ್ಯ ಸುಳ್ಳು ಹೇಳಬಹುದು, ಲೆಕ್ಕ ಹೇಳಲ್ಲ. ನಿಮ್ಮನೇದೇ ಒಂದು ಉದಾಹರಣೆ ಕೊಡಿ ನೋಡೋಣ.”

ಮೊದಲು ಎದ್ದ ಕೈ ನನ್ನ ಮಗಳು ಅನುವಿನದು. ಹೆಮ್ಮೆಯಿಂದ ಹಿಂದಿನ ಸಾಲು ನೋಡಿದೆ. ಹೆಂಡತಿ ಸುಜಾತ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು.

“ಹತ್ತು ಗಂಟೆಗೆ ಅಪ್ಪ ಶ್ರೀಧರ್ ಅಂಕಲ್‌ಗೆ ‘ದಾರೀಲಿದೀವಿ, ಇನ್ ಹತ್ತೇ ಮೈಲಿ’ ಅಂದ್ರು. ಬಂದಿದ್ದು ಹನ್ನೊಂದಕ್ಕೆ. ಸೋ, ಟೆನ್ ಮೈಲ್ಸ್ ಪರ್ ಅವರ್?”

“ಟ್ರಾಫಿಕ್ಕು, ಪುಟ್ಟಾ.”

“ನೋ ಅಪ್ಪಾ, ವಿ ವರ್ ಅಟ್ ಹೋಮ್. ನೀವು ಸಾಕ್ಸ್ ಹುಡುಕ್ತಾ ಇದ್ರಿ.”

ನನ್ನ ಮೇಷ್ಟ್ರುಗಿರಿ ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಂತೆ ಕಂಡಿತು. ಬಿಡುವವನೇ ನಾನು?

“ನೋಡಿದ್ರಾ? ಸ್ವಂತ ಅಪ್ಪ ಅಂತಾನೂ ನೋಡ್ದೆ ಸತ್ಯ ಹೇಳಿದ್ಲು. ಇದೇ ನೀತಿ. ನೀವೂ ಹೀಗೇ ಇರ್ಬೇಕು!”

ಹಿಂದಿನ ಸಾಲು ಚಪ್ಪಾಳೆ ತಟ್ಟಿತು. ಗೆದ್ದೆ.

ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಶ್ರೀಧರರ ಮಗ ಎದ್ದುನಿಂತ.

“ಮೈ ಡ್ಯಾಡ್ ಟೂ. ನಿಮ್ಗೆ ‘ಬೇಗ ಬನ್ನಿ, ಸ್ಕೂಲ್‌ನಲ್ಲಿ ಎಲ್ರೂ ಕಾಯ್ತಿದೀವಿ’ ಅಂದ್ರಲ್ಲ, ಆಗ ವಿ ವರ್ ಈಟಿಂಗ್ ದೋಸೆ ಅಟ್ ಹೋಮ್.”

ಆಮೇಲೆ ಕೆಳಗಿದ್ದ ಕೈಯೇ ಇಲ್ಲ. ಹಿಂದಿನ ಸಾಲು ಒಬ್ಬೊಬ್ಬರಾಗಿ ನೆಲ ನೋಡತೊಡಗಿತು. ಶ್ರೀಧರ್ ಎದ್ದು ಬಂದು ಬೋರ್ಡು ಒರೆಸಿಬಿಟ್ಟರು.

“ಟೈಮ್ ಆಯ್ತು ಸರ್. ಚೆನ್ನಾಗಿ ಕಲಿಸಿದ್ರಿ. ಇಷ್ಟು ಚೆನ್ನಾಗಿ ಬೇಡಾಗಿತ್ತು.”

ಕಾರಿನಲ್ಲಿ ಸುಜಾತ, “ನಡೀರಿ ಮೇಷ್ಟ್ರೇ, ಸಾಕ್ಸ್ ತಗೊಂಡ್ ಹೋಗೋಣ” ಎಂದಳು.

ಈಗ ನನ್ನಲ್ಲಿರುವುದು ಇಷ್ಟು: ಕೆಲಸ ಒಂದು, ಹೆಂಡತಿ ಒಬ್ಬಳು, ಸತ್ಯವಂತೆ ಮಗಳು ಒಬ್ಬಳು, ಹೊಸ ಸಾಕ್ಸ್ ಆರು ಜೊತೆ. ವಿದ್ಯಾರ್ಥಿಗಳು, ಸೊನ್ನೆ.