ನನ್ನ ಪಿಎಚ್‌ಡಿಗೆ ಊರೆಲ್ಲ ಪರೀಕ್ಷಕರು

ನಮ್ಮ ಕಡೆ ಯಾರಾದರೂ ಓದಲು ಹೊರಟರೆ ಅವರ ಸಂದರ್ಶನ ಮನೆಯ ಕಟ್ಟೆಯಿಂದಲೇ ಶುರುವಾಗುತ್ತದೆ. ನಾನು ಸೇಡಂನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಆರೋಗ್ಯ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕೆಂಬುದು ಬಹಳ ದಿನದ ಆಸೆ. ಫೆಲೋಶಿಪ್ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ. ವಯಸ್ಸಿನ ಮಿತಿಯ ಪ್ರಕಾರ ಇದೇ ಕೊನೆಯ ವರ್ಷ ಬೇರೆ. ಹೀಗಾಗಿ ನನಗೆ ಆತಂಕ, ಉಳಿದವರಿಗೆಲ್ಲ ಕುತೂಹಲ.

ರೈಲಿನಲ್ಲಿ

ವಾಡಿಯಿಂದ ಊರಿಗೆ ಬರುವಾಗ ಮೊಬೈಲಿನಲ್ಲೇ ಅರ್ಜಿ ತುಂಬುತ್ತಿದ್ದೆ. ಎದುರಿಗಿದ್ದ ಹಿರಿಯರು, "ಏನ್ ತುಂಬ್ಲಿಕತ್ತೀರಿ ಮೇಡಂ?" ಎಂದರು. ಹೇಳಿದೆ.

"ಓದೋರು ನೀವು, ರೊಕ್ಕ ಕೊಡೋರು ಅವರಾ?"

"ಹೌದ್ರಿ, ತಿಂಗಳಾ ತಿಂಗಳಾ."

"ಯಾಕ ಕೊಡ್ತಾರ್ರಿ?"

ಅಷ್ಟರಲ್ಲಿ ಓಟಿಪಿ ಬಂತು. ಅವರು ಗಾಬರಿಯಾಗಿ ಫೋನು ಕಸಿದುಕೊಂಡು, "ನೋಡ್ರಿ, ಇದು ಮೋಸನೇ ಅದ!" ಎಂದರು. ಇಡೀ ಡಬ್ಬಿ ಅವರ ಪರ ನಿಂತಿತು. ಚಿತ್ತಾಪುರದಲ್ಲಿ ಇಳಿಯುವಾಗ ಫೋನು ವಾಪಸ್ ಕೊಟ್ಟರು. ಓಟಿಪಿಯ ಅವಧಿ ಮುಗಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಸಂಕೋಚದಿಂದ, "ಥ್ಯಾಂಕ್ಸ್ ಏನ್ ಬ್ಯಾಡ್ರಿ" ಎಂದರು.

ಶಹಾಬಾದಿನಲ್ಲಿ

ಒಬ್ಬರು ಜಡ್ಡಾಗಿ ಮಲಗಿದರೆ, ಅವರನ್ನು ನೋಡಲು ಬರುವ ಬಳಗಕ್ಕೆ ಆಗುವ ನಷ್ಟ ಎಷ್ಟು? ಇದು ನನ್ನ ಸಂಶೋಧನೆಯ ಪ್ರಶ್ನೆ. ಕೆಲಸ ಬಿಟ್ಟು, ಬಾಳೆಹಣ್ಣು, ಬ್ರೆಡ್ಡು ಹಿಡಿದು, ಜೀಪು ತುಂಬಿ ಬರುವ ನಮ್ಮ ಜನವನ್ನು ನಾನು ಓದಿದ ಯಾವ ಪುಸ್ತಕವೂ ಗಮನಿಸಿರಲಿಲ್ಲ. ಕೇಳಿ ನೋಡೋಣವೆಂದು ಆಪರೇಷನ್ ಆಗಿದ್ದ ಕಲ್ಲಿನ ವ್ಯಾಪಾರಿಯೊಬ್ಬರ ಮನೆಗೆ ಹೋದೆ.

"ಕಾಕಾ, ನಿಮ್ಮನ್ನ ನೋಡ್ಲಿಕ್ಕ ಯಾರ್ಯಾರು ಬಂದಿದ್ರು?"

"ಬಂದೋರದು ಬಿಡವ್ವಾ. ಬರದೇ ಇದ್ದೋರ ಹೆಸರ ಬರಕೋ!"

ಬೀಗರಿಂದ ಹಿಡಿದು ಸ್ವಂತ ತಮ್ಮನವರೆಗೆ ಒಬ್ಬರನ್ನೂ ಬಿಡಲಿಲ್ಲ. ಆಮೇಲೆ ಮೆಲ್ಲಗೆ, "ಈ ಸರ್ವೇ ಅವರ ಮನಿಗೂ ಹೋಗ್ತದಲ್ಲ? ಮೊದಲ ಅಲ್ಲಿಗೇ ಹೋಗು" ಎಂದರು.

ಸಂದರ್ಶನದಲ್ಲಿ

ಅಂತೂ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು. ವಾರಗಟ್ಟಲೆ ಬಾಗಿಲು ಹಾಕಿಕೊಂಡು ಓದಿದೆ, ನಳದ ನೀರಿಗೂ ಹೊರಗೆ ಬರಲಿಲ್ಲ. ಆ ದಿನ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಿರಿಯ ಪ್ರಾಧ್ಯಾಪಕಿ. ಅವರೂ ಕನ್ನಡದವರೇ. "ಜನ ನಿಜವಾಗಿ ಇಷ್ಟೊಂದು ಬರ್ತಾರಾ? ಸ್ವಲ್ಪ ಹೆಚ್ಚು ಮಾಡಿ ಬರೆದಿಲ್ಲ ತಾನೇ?" ಎಂದರು. ಇಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು.

ಆಗ ಬಾಗಿಲು ತೆರೆಯಿತು. ಓಣಿಯ ಹೆಂಗಸರೆಲ್ಲ ಒಳಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ಬ್ರೆಡ್ಡು, ಎಳನೀರು.

"ಪಾಪ, ಎದ್ದು ಕುಂತಾಳ!" ಎಂದು ಎದುರು ಮನೆಯ ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದಳು. ಪರದೆಯ ಕಡೆ ತಿರುಗಿ, "ಈಕಿಗಿ ಏನಾಗ್ಯದ್ರಿ ಡಾಕ್ಟರಮ್ಮಾ?" ಎಂದು ಪ್ರಾಧ್ಯಾಪಕಿಯನ್ನೇ ಕೇಳಿದಳು.

ಪ್ರಾಧ್ಯಾಪಕಿ ಕುರ್ಚಿಯಲ್ಲಿ ಮುಂದೆ ಸರಿದರು. "ಅಜ್ಜಿ, ಇವತ್ತು ಕೆಲಸ ಬಿಟ್ಟು ಬಂದ್ರಾ?"

"ಬಿಡಬೇಕಲ್ರೀ ಮತ್ತ! ತೊಗರಿ ಹಸನ ಮಾಡೋದು ಹಂಗೇ ಬಿಟ್ಟು ಬಂದೀವಿ."

ಪ್ರಾಧ್ಯಾಪಕಿ ನನ್ನನ್ನು ಮರೆತು ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಕೊನೆಗೆ ನಗುತ್ತ, "ಇನ್ನೇನೂ ಕೇಳೋದಿಲ್ಲ. ಇವರನ್ನ ನಾವು ತಗೋತೀವಿ. ನಾಲ್ಕು ವರ್ಷ ಇಲ್ಲೇ ಇರಬೇಕು, ಖರ್ಚೆಲ್ಲ ನಮ್ಮದೇ" ಎಂದರು.

ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ್ದೇ ತಡ, ಅಜ್ಜಿ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು:

"ನಾಕ್ ವರ್ಷ ಇಟಕೋತಾರಂತ! ಅದೂ ಪುಕ್ಕಟ! ಭಾಳ ದೊಡ್ಡ ಜಡ್ಡೇ ಇರಬೇಕವ್ವಾ!"